ಪಟ್ಟಿಯಿಂದ ಪ್ರಮಾಣಪತ್ರಗಳನ್ನು ಅಳಿಸಿದರೂ ಬೀಗದ ಗುರುತಿನ ಹಿಂದೆ ಅದೇ ಅಪರಿಚಿತ ಹೆಸರು

ಹಾಸನದ ಲೆಕ್ಕಿಗ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ತೆರಿಗೆ ಸಲಹೆಯ ಸಣ್ಣ ಕಚೇರಿಯೊಂದನ್ನು ನಡೆಸುತ್ತಿದ್ದೇನೆ. ಎರಡು ತಿಂಗಳ ಹಿಂದೆ ಕಚೇರಿಗಾಗಿ ವಿಂಡೋಸ್ ಹಾಕಿಯೇ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡೆ. ಮೊನ್ನೆ ಫೈರ್‌ಫಾಕ್ಸ್‌ನಲ್ಲಿ ಬ್ಯಾಂಕಿನ ತಾಣ ತೆರೆದು, ವಿಳಾಸದ ಪಕ್ಕದ ಬೀಗದ ಗುರುತನ್ನು ಸುಮ್ಮನೆ ಒತ್ತಿ ನೋಡಿದಾಗ, ಈ ಸಂಪರ್ಕವನ್ನು ದೃಢೀಕರಿಸಿದ ಪ್ರಮಾಣಪತ್ರವನ್ನು ಕೊಟ್ಟವರು ಯಾರೆಂದು ಮೊಜಿಲ್ಲಾಗೆ ತಿಳಿದಿಲ್ಲ ಎಂಬ ಅರ್ಥದ ಸಾಲೊಂದು ಕಾಣಿಸಿತು. ಗಾಬರಿಯಾಗಿ ಸೆಟ್ಟಿಂಗ್ಸ್‌ನ ಪ್ರೈವೆಸಿ ಅಂಡ್ ಸೆಕ್ಯುರಿಟಿ ಭಾಗಕ್ಕೆ ಹೋಗಿ, ವ್ಯೂ ಸರ್ಟಿಫಿಕೇಟ್ಸ್ ಒತ್ತಿ, ಅಥಾರಿಟೀಸ್ ಪಟ್ಟಿಯನ್ನು ತೆರೆದೆ. ನೂರಕ್ಕೂ ಹೆಚ್ಚು ಹೆಸರುಗಳಿದ್ದವು; ಹಾಂಗ್‌ಕಾಂಗ್, ತೈವಾನ್, ನಾರ್ವೆ, ಟುನೀಷಿಯಾ ಹೀಗೆ ನನಗೆ ಯಾವ ಸಂಬಂಧವೂ ಇಲ್ಲದ ದೇಶಗಳವು ಎನಿಸಿದವನ್ನೂ, ಹೆಸರೇ ಅರ್ಥವಾಗದ ಇನ್ನು ಕೆಲವನ್ನೂ ಸೇರಿಸಿ ಸುಮಾರು ಇಪ್ಪತ್ತನ್ನು ಅಳಿಸಿದೆ. ಬ್ರೌಸರನ್ನು ಮುಚ್ಚಿ ತೆರೆದರೆ ಅವೆಲ್ಲ ಪಟ್ಟಿಯಲ್ಲಿ ಹಾಗೆಯೇ ಇವೆ, ಬೀಗದ ಹಿಂದಿನ ಎಚ್ಚರಿಕೆಯೂ ಹೋಗಿಲ್ಲ. ಇವನ್ನು ಶಾಶ್ವತವಾಗಿ ತೆಗೆಯುವುದು ಹೇಗೆಂದು ತಿಳಿದವರು ದಯವಿಟ್ಟು ಹೇಳಬೇಕು.

ಬೀಗದಕೈ:
ಲೆಕ್ಕಿಗರೇ, ಸದ್ಯಕ್ಕೆ ಇನ್ನೊಂದು ಹೆಸರನ್ನೂ ಅಳಿಸಬೇಡಿ. ನೀವು ಹುಡುಕುತ್ತಿರುವುದು ಆ ಪಟ್ಟಿಯಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಅಥಾರಿಟೀಸ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಎದುರು ಸೆಕ್ಯುರಿಟಿ ಡಿವೈಸ್ ಎಂಬ ಕಾಲಂ ಇರುತ್ತದೆ. ಅಲ್ಲಿ ಬಿಲ್ಟ್‌ಇನ್ ಆಬ್ಜೆಕ್ಟ್ ಟೋಕನ್ ಎಂದಿದ್ದರೆ ಅದು ಮೊಜಿಲ್ಲಾ ತಾನೇ ಪರಿಶೀಲಿಸಿ ಬ್ರೌಸರಿನೊಳಗೆ ಸೇರಿಸಿ ಕೊಟ್ಟಿರುವ ಮೂಲ ಪ್ರಮಾಣಪತ್ರ, ಅಂದರೆ ರೂಟ್ ಸರ್ಟಿಫಿಕೇಟ್. ತಾಣಗಳ ಪ್ರಮಾಣಪತ್ರಗಳನ್ನು ನಂಬಬೇಕೇ ಎಂದು ಬ್ರೌಸರು ಕೊನೆಗೆ ಒರೆಹಚ್ಚಿ ನೋಡುವುದು ಇಂತಹದರ ಮೇಲೆಯೇ. ಅದು ತಂತ್ರಾಂಶದ ಭಾಗವೇ ಆಗಿರುವುದರಿಂದ ಅಳಿಸಲಾಗದು. ಡಿಲೀಟ್ ಆರ್ ಡಿಸ್‌ಟ್ರಸ್ಟ್ ಗುಂಡಿ ಒತ್ತಿದಾಗ ಅದರ ಮೇಲಿನ ನಂಬಿಕೆಯ ಗುರುತು ಹೋಗುತ್ತದೆ, ಹೆಸರು ಉಳಿಯುತ್ತದೆ. ಸಾಫ್ಟ್‌ವೇರ್ ಸೆಕ್ಯುರಿಟಿ ಡಿವೈಸ್ ಎಂದಿರುವವು ಆಮೇಲೆ ಬಂದು ಸೇರಿದವು. ಅವುಗಳಲ್ಲಿಯೂ ಹೆಚ್ಚಿನವು ತಾಣಗಳಿಗೆ ಭೇಟಿ ಕೊಟ್ಟಾಗ ಬ್ರೌಸರು ನೆನಪಿಟ್ಟುಕೊಂಡ ಮಧ್ಯಂತರ ಪ್ರಮಾಣಪತ್ರಗಳೇ, ಅಂದರೆ ಮೂಲಕ್ಕೂ ತಾಣಕ್ಕೂ ನಡುವಿನ ಕೊಂಡಿಗಳೇ, ಆಗಿರುತ್ತವೆ.

ಇವೆರಡಕ್ಕೂ ಸೇರದ ಮೂರನೆಯ ದಾರಿಯೊಂದಿದೆ. ವಿಂಡೋಸ್‌ನ ಸ್ವಂತ ಪ್ರಮಾಣಪತ್ರ ಭಂಡಾರದಲ್ಲಿ ಹೊರಗಿನ ತಂತ್ರಾಂಶವೊಂದು ತನ್ನ ಮೂಲ ಪ್ರಮಾಣಪತ್ರವನ್ನು ಸೇರಿಸಿದ್ದರೆ, ಈಗಿನ ಫೈರ್‌ಫಾಕ್ಸ್ ಅದನ್ನೂ ಎರವಲು ಪಡೆದು ನಂಬುತ್ತದೆ, ಆದರೆ ಅಥಾರಿಟೀಸ್ ಪಟ್ಟಿಯಲ್ಲಿ ತೋರಿಸುವುದಿಲ್ಲ. ನೀವು ಕಂಡ ಎಚ್ಚರಿಕೆಯ ಸಾಲು ಹುಟ್ಟುವುದು ಇಂತಹ ಸಂದರ್ಭದಲ್ಲಿಯೇ. ಆದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತಾಣಗಳನ್ನು, ಉದಾಹರಣೆಗೆ ಒಂದು ಬ್ಯಾಂಕು, ಕನ್ನಡ ವಿಕಿಪೀಡಿಯ, ಒಂದು ದಿನಪತ್ರಿಕೆ, ತೆರೆದು ಮೂರರಲ್ಲಿಯೂ ಪ್ರಮಾಣಪತ್ರದ ವಿತರಕರ ಹೆಸರು ಏನೆಂದು ಬರೆದುಕೊಳ್ಳಿ. ಮೂರೂ ಕಡೆ ಒಂದೇ ಅಪರಿಚಿತ ಹೆಸರಿದ್ದರೆ, ತಾಣಕ್ಕೂ ನಿಮಗೂ ನಡುವೆ ಯಾರೋ ಕುಳಿತು ಲಕೋಟೆ ಒಡೆದು, ಓದಿ, ತಮ್ಮ ಮುದ್ರೆ ಒತ್ತಿ ಮತ್ತೆ ಅಂಟಿಸಿ ಕೊಡುತ್ತಿದ್ದಾರೆ ಎಂದರ್ಥ.

ಹಾಸನದ ಲೆಕ್ಕಿಗ:
ಮೂರರಲ್ಲಿಯೂ ಒಂದೇ ಹೆಸರು. ರಿಯಾಯಿತಿ ಕೂಪನ್ ಹುಡುಕಿಕೊಡುವ ತಂತ್ರಾಂಶದ ಹೆಸರಿನಂತಿದೆ. ನಾನಂತೂ ಅದನ್ನು ಹಾಕಿಕೊಂಡಿಲ್ಲ. ವಿಂಡೋಸ್‌ನ ಹುಡುಕುವ ಜಾಗದಲ್ಲಿ ಮ್ಯಾನೇಜ್ ಯೂಸರ್ ಸರ್ಟಿಫಿಕೇಟ್ಸ್ ಎಂದು ಬೆರಳಚ್ಚಿಸಿ, ಟ್ರಸ್ಟೆಡ್ ರೂಟ್ ಸರ್ಟಿಫಿಕೇಶನ್ ಅಥಾರಿಟೀಸ್ ಕಡತಕೋಶದಲ್ಲಿ ಅದನ್ನು ಪತ್ತೆಹಚ್ಚಿ ಅಳಿಸಿದೆ. ಲ್ಯಾಪ್‌ಟಾಪ್ ಮರುಚಾಲೂ ಮಾಡಿದಾಗ ಮತ್ತೆ ಬಂದು ಕುಳಿತಿದೆ.

ಬೀಗದಕೈ:
ಹಾಗಿದ್ದರೆ ಅದನ್ನು ಅಲ್ಲಿಟ್ಟ ತಂತ್ರಾಂಶ ಇನ್ನೂ ಜೀವಂತವಾಗಿದೆ. ಈ ವಿಷಯದಲ್ಲಿ 2015ರ ಎರಡು ಪ್ರಕರಣಗಳನ್ನು ತಿಳಿದಿರುವುದು ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು ಸೂಪರ್‌ಫಿಶ್. ಲೆನೊವೊ ಕಂಪನಿ ಮನೆಬಳಕೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜಾಹೀರಾತು ತೂರಿಸುವ ಈ ತಂತ್ರಾಂಶವನ್ನು ಮೊದಲೇ ಹಾಕಿ ಮಾರಿತ್ತು, ಮತ್ತು ಅದು ವಿಂಡೋಸ್‌ನಲ್ಲಿ ತನ್ನದೇ ಮೂಲ ಪ್ರಮಾಣಪತ್ರವನ್ನು ನೆಟ್ಟು ಎಲ್ಲ ಸುರಕ್ಷಿತ ಸಂಪರ್ಕಗಳನ್ನೂ ಒಡೆಯುತ್ತಿತ್ತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ಖಾಸಗಿ ಕೀಲಿ, ಅಂದರೆ ಆ ಪ್ರಮಾಣಪತ್ರದ ಹೆಸರಿನಲ್ಲಿ ಮುದ್ರೆ ಒತ್ತಲು ಬೇಕಾದ ಗುಟ್ಟಿನ ಸಂಖ್ಯೆ, ಇತ್ತು. ಆ ವರ್ಷದ ಫೆಬ್ರವರಿಯಲ್ಲಿ ರಾಬರ್ಟ್ ಗ್ರಹಾಂ ಎಂಬ ಭದ್ರತಾ ತಜ್ಞರು ಕೀಲಿಯನ್ನು ಹೊರತೆಗೆದು, ಅದರ ಗುಪ್ತಪದ ಕೊಮೋಡಿಯಾ ಎಂದು ತೋರಿಸಿದರು. ಕೊಮೋಡಿಯಾ ಎಂಬುದು ಆ ತಂತ್ರಜ್ಞಾನವನ್ನು ಒದಗಿಸಿದ ಕಂಪನಿಯದೇ ಹೆಸರು. ಆ ಕೀಲಿ ಕೈಯಲ್ಲಿದ್ದ ಯಾರೇ ಆದರೂ ಹೋಟೆಲಿನ ವೈ-ಫೈನಲ್ಲಿ ಕುಳಿತು ಅಂತಹ ಲ್ಯಾಪ್‌ಟಾಪ್‌ನ ಮುಂದೆ ಯಾವ ಬ್ಯಾಂಕಿನ ವೇಷವನ್ನಾದರೂ ಹಾಕಬಹುದಿತ್ತು. ಅಲ್ಲಿ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದವರ ಯಂತ್ರದಲ್ಲಿಯೂ ಪ್ರಮಾಣಪತ್ರ ಹಾಗೆಯೇ ಉಳಿದಿತ್ತು.

ಅದೇ ವರ್ಷದ ನವೆಂಬರಿನಲ್ಲಿ ಡೆಲ್ ಯಂತ್ರಗಳಲ್ಲಿ ಇಡೆಲ್‌ರೂಟ್ ಎಂಬ ಪ್ರಮಾಣಪತ್ರ, ಅದೂ ತನ್ನ ಖಾಸಗಿ ಕೀಲಿಯ ಸಮೇತ, ಸಿಕ್ಕಿತು. ಅಲ್ಲಿ ಇದರ ತದ್ವಿರುದ್ಧ: ಪ್ರಮಾಣಪತ್ರವನ್ನು ಮಾತ್ರ ಅಳಿಸಿದರೆ ಸಹಾಯಕ ತಂತ್ರಾಂಶದ ಒಂದು ಕಡತ ಅದನ್ನು ಮತ್ತೆ ತಂದು ಹಾಕುತ್ತಿತ್ತು.

ನಿಮ್ಮದು ಎರಡನೆಯ ಬಗೆಯದು. ಆದರೆ ಮೊದಲನೆಯದೂ ಆಗಬಹುದೆಂದು ಭಾವಿಸಿಯೇ ಕೆಲಸ ಮಾಡಿ. ಪ್ರಮಾಣಪತ್ರವನ್ನು ತೆರೆದು ಡೀಟೇಲ್ಸ್ ಭಾಗದಲ್ಲಿರುವ ಥಂಬ್‌ಪ್ರಿಂಟ್ ಅಂಕೆಯನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಥಂಬ್‌ಪ್ರಿಂಟ್ ಹಾಗಲ್ಲ. ಆಮೇಲೆ ಆ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿಯೂ ಸರ್ವಿಸಸ್ ಪಟ್ಟಿಯಲ್ಲಿಯೂ ಅದರ ಸುಳಿವು ಉಳಿದಿಲ್ಲವೆಂದು ನೋಡಿ. ವಿಂಡೋಸ್‌ನ ಪ್ರಾಕ್ಸಿ, ಅಂದರೆ ಸಂಪರ್ಕಗಳು ಹಾದುಹೋಗಬೇಕಾದ ನಡುವಿನ ವಿಳಾಸದ, ಸೆಟ್ಟಿಂಗನ್ನೂ ಮರೆಯಬೇಡಿ, ಅಲ್ಲಿ 127.0.0.1 ಎಂದು, ಅಂದರೆ ಗಣಕದ ಸ್ವಂತ ವಿಳಾಸವನ್ನು, ಬರೆದು ಹೋಗಿದ್ದರೆ ತಂತ್ರಾಂಶ ಹೋದ ಮೇಲೆ ಅಂತರ್ಜಾಲವೇ ನಿಂತಂತಾಗುತ್ತದೆ. ಪ್ರಮಾಣಪತ್ರದ ಸರದಿ ಕೊನೆಯದು, ಮತ್ತು ಅದನ್ನು ಮ್ಯಾನೇಜ್ ಕಂಪ್ಯೂಟರ್ ಸರ್ಟಿಫಿಕೇಟ್ಸ್ ಮೂಲಕವೂ ತೆಗೆಯಬೇಕು. ನೀವು ತೆರೆದ ಬಳಕೆದಾರರ ಭಂಡಾರದಲ್ಲಿ ಇಡೀ ಯಂತ್ರದ ಭಂಡಾರದಲ್ಲಿರುವವೂ ಕಾಣಿಸುತ್ತವೆ, ಆದ್ದರಿಂದ ಯಾವುದು ಎಲ್ಲಿಯದು ಎಂಬ ಗೊಂದಲವಾಗುವುದು ಸಹಜ.

ಅಳಿಸುವುದಕ್ಕಿಂತ ಭದ್ರವಾದ ಉಪಾಯವೂ ಇದೆ. ಪ್ರಮಾಣಪತ್ರವನ್ನು ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ, ಯಂತ್ರದ ಭಂಡಾರದಲ್ಲಿರುವ ಅನ್‌ಟ್ರಸ್ಟೆಡ್ ಸರ್ಟಿಫಿಕೇಟ್ಸ್ ಕೋಶಕ್ಕೆ ಇಂಪೋರ್ಟ್ ಮಾಡಿದರೆ, ಅದೇ ಪ್ರಮಾಣಪತ್ರ ನಂಬಿಕೆಯ ಕೋಶಕ್ಕೆ ಮತ್ತೆ ಬಂದರೂ ವಿಂಡೋಸ್ ಅದಕ್ಕೆ ಮಾನ್ಯತೆ ಕೊಡುವುದಿಲ್ಲ.

ಪ್ರಶ್ನಾರ್ಥಕ:
ಕೂಪನ್ ತಂತ್ರಾಂಶದ ವಿಷಯ ಸರಿ. ಆದರೆ ಲೆಕ್ಕಿಗರು ಹೊರದೇಶದ ಹೆಸರುಗಳನ್ನು ಅಳಿಸಿದ್ದರಲ್ಲಿ ತಪ್ಪೇನಿದೆ ಎಂಬುದು ನನಗೆ ಅರ್ಥವಾಗಲಿಲ್ಲ. ಆ ನೂರು ಚಿಲ್ಲರೆ ಸಂಸ್ಥೆಗಳಲ್ಲಿ ಯಾವುದೊಂದು ಮನಸ್ಸು ಮಾಡಿದರೂ ನಮ್ಮ ಬ್ಯಾಂಕಿನ ಹೆಸರಿಗೆ ಪ್ರಮಾಣಪತ್ರ ಬರೆದುಕೊಡಬಹುದಲ್ಲವೇ? ನನ್ನ ಪ್ರಕಾರ ಭಾರತದ ಸಂಸ್ಥೆಗಳನ್ನು ಬಿಟ್ಟು ಉಳಿದವನ್ನೆಲ್ಲ ತೆಗೆದುಹಾಕುವುದೇ ಲೇಸು.

ಐಂಡ್‌ಹೋವನ್ ಕನ್ನಡತಿ:
ಪ್ರಶ್ನಾರ್ಥಕ ಅವರ ಆತಂಕ ಸುಳ್ಳಲ್ಲ. ನಾನಿರುವ ನೆದರ್ಲ್ಯಾಂಡ್ಸ್‌ನಲ್ಲಿಯೇ ಅದು ನಿಜವಾಗಿತ್ತು. ಪ್ರಮಾಣಪತ್ರ ಕೊಡುತ್ತಿದ್ದ ಡಿಜಿನೋಟಾರ್ ಎಂಬ ಇಲ್ಲಿಯ ಸಂಸ್ಥೆಯ ಗಣಕಗಳಿಗೆ 2011ರಲ್ಲಿ ಯಾರೋ ನುಗ್ಗಿ, 500ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳನ್ನು ಬರೆದುಕೊಂಡರು. ಅವುಗಳಲ್ಲಿ ಗೂಗಲ್‌ನ ಎಲ್ಲ ಉಪತಾಣಗಳಿಗೂ ಸಲ್ಲುವ ಒಂದನ್ನು ಬಳಸಿ ಇರಾನಿನಲ್ಲಿ ಸುಮಾರು ಮೂರು ಲಕ್ಷ ಐಪಿ ವಿಳಾಸಗಳ ಸಂಪರ್ಕವನ್ನು ಕದ್ದಾಲಿಸಲಾಯಿತು. ಡಚ್ ಸರ್ಕಾರದ ತಾಣಗಳೇ ಆ ಸಂಸ್ಥೆಯ ಪ್ರಮಾಣಪತ್ರಗಳನ್ನು ನೆಚ್ಚಿಕೊಂಡಿದ್ದರಿಂದ ಒಳಾಡಳಿತ ಸಚಿವರು ಸೆಪ್ಟೆಂಬರ್ 3ರ ನಡುರಾತ್ರಿ ಪತ್ರಿಕಾಗೋಷ್ಠಿ ಕರೆದು, ಆ ತಾಣಗಳ ಸುರಕ್ಷತೆಗೆ ಇನ್ನು ಭರವಸೆ ಕೊಡಲಾಗದೆಂದು ಹೇಳಬೇಕಾಯಿತು. ಬ್ರೌಸರುಗಳು ಅದರ ಮೂಲ ಪ್ರಮಾಣಪತ್ರವನ್ನು ಕಿತ್ತುಹಾಕಿದವು. ಅದೇ ತಿಂಗಳು ಸಂಸ್ಥೆ ದಿವಾಳಿಯಾಯಿತು.

ಆದರೆ ಇದು ಹೊರಬಿದ್ದ ಬಗೆಯನ್ನು ಗಮನಿಸಿ. ಇರಾನಿನ ಬಳಕೆದಾರರೊಬ್ಬರಿಗೆ ಜಿಮೇಲ್ ತೆರೆಯುವಾಗ ಕ್ರೋಮ್ ಎಚ್ಚರಿಕೆ ತೋರಿಸಿತು. ಗೂಗಲ್ ತಾಣಗಳಿಗೆ ಇಂತಿಂಥವರು ಮಾತ್ರ ಪ್ರಮಾಣಪತ್ರ ಕೊಡಬಲ್ಲರು ಎಂಬ ಪಟ್ಟಿ ಆ ಬ್ರೌಸರಿನೊಳಗೇ ಇತ್ತು. ಆ ಬಳಿಕ, ಕೊಟ್ಟ ಪ್ರತಿಯೊಂದು ಪ್ರಮಾಣಪತ್ರವನ್ನೂ ಯಾರು ಬೇಕಾದರೂ ನೋಡಬಹುದಾದ ದಾಖಲೆಯಲ್ಲಿ ನಮೂದಿಸುವ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬ ಪದ್ಧತಿ ಬಂತು, ಮತ್ತು 2018ರ ಏಪ್ರಿಲ್‌ನಿಂದಾಚೆಗೆ ಹೊಸದಾಗಿ ಕೊಡುವ ಎಲ್ಲ ಪ್ರಮಾಣಪತ್ರಗಳಿಗೂ ಕ್ರೋಮ್ ಅದನ್ನು ಕಡ್ಡಾಯ ಮಾಡಿತು.

ಈ ಕಾವಲೆಲ್ಲ ಇರುವುದು ಬ್ರೌಸರಿನೊಂದಿಗೆ ಬಂದ ಮೂಲ ಪ್ರಮಾಣಪತ್ರಗಳಿಗೆ ಮಾತ್ರ. ಯಂತ್ರಕ್ಕೆ ಆಮೇಲೆ ಸೇರಿಸಿದ್ದನ್ನು ಬಳಕೆದಾರರೇ ಬೇಕೆಂದು ಸೇರಿಸಿದ್ದಾರೆ ಎಂದು ಬ್ರೌಸರು ಭಾವಿಸುತ್ತದೆ ಮತ್ತು ಅದಕ್ಕೆ ಈ ಯಾವ ಪರೀಕ್ಷೆಯನ್ನೂ ಒಡ್ಡುವುದಿಲ್ಲ. ಆ ಪಟ್ಟಿಯಲ್ಲಿರುವ ಹಾಂಗ್‌ಕಾಂಗಿನ ಅಂಚೆ ಇಲಾಖೆಗಿಂತ ಲೆಕ್ಕಿಗರ ಲ್ಯಾಪ್‌ಟಾಪ್‌ನಲ್ಲಿದ್ದ ಕೂಪನ್ ಕಂಪನಿ ಹೆಚ್ಚು ಅಪಾಯಕಾರಿಯಾಗಿದ್ದುದು ಈ ಕಾರಣಕ್ಕಾಗಿ.

ಬೀಗದಕೈ:
ಭಾರತದ ಸಂಸ್ಥೆಗಳನ್ನು ಮಾತ್ರ ಉಳಿಸಿಕೊಳ್ಳುವ ಸಲಹೆಯ ಬಗ್ಗೆ ಎರಡು ಮಾತು. 2014ರ ಜುಲೈ 2ರಂದು ತನ್ನ ತಾಣಗಳ ಹೆಸರಿಗೆ ಅನಧಿಕೃತ ಪ್ರಮಾಣಪತ್ರಗಳು ಹುಟ್ಟಿರುವುದನ್ನು ಗೂಗಲ್ ಕಂಡುಹಿಡಿದಾಗ, ಅವನ್ನು ಕೊಟ್ಟಿದ್ದು ನಮ್ಮ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ, ಅಂದರೆ ಎನ್‌ಐಸಿಯ, ಪ್ರಮಾಣೀಕರಣ ವ್ಯವಸ್ಥೆಯಾಗಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ ನಿಯಂತ್ರಕರು, ಅಂದರೆ ಸಿಸಿಎ, ಮರುದಿನವೇ ಎನ್‌ಐಸಿಯ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಮಾಡಿದರು. ಸಿಸಿಎಯ ಮೂಲ ಪ್ರಮಾಣಪತ್ರ ಮೈಕ್ರೋಸಾಫ್ಟ್‌ನ ಭಂಡಾರದಲ್ಲಿ ಇದ್ದುದರಿಂದ ವಿಂಡೋಸ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮತ್ತು ಕ್ರೋಮ್ ಬಳಸುತ್ತಿದ್ದವರಿಗೆ ಅಪಾಯವಿತ್ತು. ಅದನ್ನು ಎಂದೂ ಸೇರಿಸಿಕೊಳ್ಳದ ಫೈರ್‌ಫಾಕ್ಸ್ ಬಳಕೆದಾರರಿಗೆ ಇರಲಿಲ್ಲ. ಆಮೇಲೆ ಕ್ರೋಮ್, ಸಿಸಿಎ ಅಡಿಯ ಪ್ರಮಾಣಪತ್ರಗಳನ್ನು ಸರ್ಕಾರಿ, ಶೈಕ್ಷಣಿಕ ಮತ್ತು ಬೆರಳೆಣಿಕೆಯ ಇತರ ಭಾರತೀಯ ಡೊಮೇನುಗಳಿಗೆ ಸೀಮಿತಗೊಳಿಸಿತು.

ಇನ್ನೊಂದು ತೊಡಕಿದೆ. ಫೈರ್‌ಫಾಕ್ಸ್ ಪಟ್ಟಿಯಲ್ಲಿ ಎಮ್‌ಸೈನ್ ಎಂಬ ಹೆಸರಿನವು ಇವೆ. ಅದು ಬೆಂಗಳೂರಿನ ಇ-ಮುದ್ರಾ ಸಂಸ್ಥೆಯದು. ದೇಶ ನೋಡಿ ಅಳಿಸಲು ಹೊರಟವರು ಅದನ್ನೂ ವಿದೇಶಿ ಎಂದುಕೊಂಡು ಅಳಿಸಿರುವುದನ್ನು ನಾನೇ ಕಂಡಿದ್ದೇನೆ. ಒಂದು ಸಂಸ್ಥೆ ಕೆಟ್ಟಿತೆಂದು ತೀರ್ಮಾನವಾದಾಗ ಬ್ರೌಸರುಗಳೇ ಅದನ್ನು ತೆಗೆಯುತ್ತವೆ: 2015ರಲ್ಲಿ ಚೀನಾದ ಸಿಎನ್‌ಎನ್‌ಐಸಿ, ಮರುವರ್ಷ ವೋಸೈನ್, 2018ರಲ್ಲಿ ಆಗಿನ ದೈತ್ಯ ಸಿಮ್ಯಾಂಟೆಕ್. ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸಿಕೊಂಡರೆ ಆ ಕೆಲಸ ನಮ್ಮ ಪಾಲಿಗೆ ಉಳಿಯುವುದಿಲ್ಲ.

ಪ್ರಶ್ನಾರ್ಥಕ:
ಎನ್‌ಐಸಿ ಪ್ರಕರಣ ನನಗೆ ಗೊತ್ತಿರಲಿಲ್ಲ. ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಟುನೀಷಿಯಾ ಸರ್ಕಾರದ ಸಂಸ್ಥೆಯೊಂದು ನನ್ನ ಪರವಾಗಿ ಆಣೆ ಇಡುವುದು ನನಗೆ ಹಿತವೆನಿಸುತ್ತಿಲ್ಲ, ಅಷ್ಟೇ.

ಬೀಗದಕೈ:
ಹಿತವೆನಿಸದಿದ್ದರೆ ಅದೊಂದರ ನಂಬಿಕೆಯನ್ನು ತೆಗೆಯಿರಿ, ಆದರೆ ಯಾವುದನ್ನು, ಯಾವ ದಿನ ತೆಗೆದಿರೆಂದು ಬರೆದಿಡಿ. ಆರು ತಿಂಗಳ ನಂತರ ಯಾವುದೋ ತಾಣ ತೆರೆಯದೇ ಹೋದಾಗ ಆ ಚೀಟಿ ಬೇಕಾಗುತ್ತದೆ.

ದಾವಣಗೆರೆ ಲ್ಯಾಬ್ ಸಹಾಯಕ:
ಇದೇ ಸಂದರ್ಭದಲ್ಲಿ ಒಂದು ಸಂದೇಹ. ನಾನು ಮೊದಲು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ವೈ-ಫೈ ಬಳಸಬೇಕಾದರೆ ಅವರು ಕೊಟ್ಟ ಪ್ರಮಾಣಪತ್ರವನ್ನು ಮೊಬೈಲಿಗೆ ಹಾಕಿಕೊಳ್ಳಬೇಕಿತ್ತು. ಆ ಕೆಲಸ ಬಿಟ್ಟು ವರ್ಷವಾಯಿತು. ಅಂದಿನಿಂದ ಇಂದಿನವರೆಗೂ ನೆಟ್‌ವರ್ಕ್ ಮೇಲೆ ನಿಗಾ ಇರಬಹುದು ಎಂಬ ಸೂಚನೆ ಫೋನಿನಲ್ಲಿ ಬರುತ್ತಲೇ ಇದೆ. ಅದನ್ನು ತೆಗೆಯಬಹುದೇ?

ಐಂಡ್‌ಹೋವನ್ ಕನ್ನಡತಿ:
ತೆಗೆಯಬಹುದು, ತೆಗೆಯಲೇಬೇಕು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ, ಹೆಚ್ಚಾಗಿ ಎನ್‌ಕ್ರಿಪ್ಶನ್ ಅಂಡ್ ಕ್ರೆಡೆನ್ಶಿಯಲ್ಸ್ ಎಂಬುದರೊಳಗೆ, ಟ್ರಸ್ಟೆಡ್ ಕ್ರೆಡೆನ್ಶಿಯಲ್ಸ್ ಇರುತ್ತದೆ. ಫೋನಿನ ಕಂಪನಿಗೆ ತಕ್ಕಂತೆ ದಾರಿ ತುಸು ಬದಲಾದರೆ ಸೆಟ್ಟಿಂಗ್ಸ್‌ನಲ್ಲಿಯೇ ಆ ಪದವನ್ನು ಹುಡುಕಿ. ಅಲ್ಲಿ ಸಿಸ್ಟಮ್ ಮತ್ತು ಯೂಸರ್ ಎಂಬ ಎರಡು ಪಟ್ಟಿಗಳಿವೆ. ಸಿಸ್ಟಮ್ ಪಟ್ಟಿಯನ್ನು ಮುಟ್ಟಬೇಡಿ, ಯೂಸರ್ ಪಟ್ಟಿಯಲ್ಲಿರುವುದನ್ನು ತೆರೆದು ರಿಮೂವ್ ಮಾಡಿ. ಆಂಡ್ರಾಯ್ಡ್ 7ರಿಂದ ಈಚೆಗೆ ಹೆಚ್ಚಿನ ಆ್ಯಪ್‌ಗಳು ಯೂಸರ್ ಪಟ್ಟಿಯನ್ನು ತಾವಾಗಿ ನಂಬುವುದಿಲ್ಲ, ಆದರೆ ಕ್ರೋಮ್‌ನಂತಹ ಬ್ರೌಸರು ನಂಬುತ್ತದೆ.

ಸಂಸ್ಥೆಯೊಂದು ತನ್ನ ಸ್ವಂತ ಗಣಕಗಳಲ್ಲಿ ಹೀಗೆ ಮಾಡುವುದು ಒಂದು ವಿಷಯ, ಜನರ ಸ್ವಂತ ಸಾಧನಗಳಲ್ಲಿ ಹಾಕಿಸುವುದು ಬೇರೆಯೇ ವಿಷಯ. ಕಝಾಕಿಸ್ತಾನದ ಸರ್ಕಾರ 2019ರಲ್ಲಿ ಇಂಥದೇ ಪ್ರಮಾಣಪತ್ರವನ್ನು ಹಾಕಿಕೊಳ್ಳುವಂತೆ ನಾಗರಿಕರಿಗೆ ಸೂಚಿಸಿದಾಗ, ಆಗಸ್ಟ್ ತಿಂಗಳಲ್ಲಿ ಗೂಗಲ್, ಮೊಜಿಲ್ಲಾ ಮತ್ತು ಆಪಲ್ ಮೂವರೂ ಅದನ್ನು ತಡೆದರು. ಬಳಕೆದಾರರು ತಾವೇ ಸೇರಿಸಿಕೊಂಡಿದ್ದರೂ ತಮ್ಮ ಬ್ರೌಸರು ಅದನ್ನು ನಂಬದಂತೆ ಮಾಡಿದರು. ಬ್ರೌಸರು ತಯಾರಕರು ಅಷ್ಟು ದೂರ ಹೋಗುವುದು ಅಪರೂಪ.

ಹಾಸನದ ಲೆಕ್ಕಿಗ:
ಬೀಗದಕೈ ಅವರು ಹೇಳಿದಂತೆ ಮಾಡಿದೆ. ತಂತ್ರಾಂಶ ಬೇರೊಂದು ಹೆಸರಿನಲ್ಲಿ ಸರ್ವಿಸಸ್ ಪಟ್ಟಿಯಲ್ಲಿ ಅಡಗಿತ್ತು. ತೆಗೆದ ನಂತರ ಎರಡು ಸಲ ಮರುಚಾಲೂ ಮಾಡಿ ನೋಡಿದ್ದೇನೆ, ಪ್ರಮಾಣಪತ್ರ ಮರಳಿಲ್ಲ. ಈಗ ಎರಡು ಪ್ರಶ್ನೆಗಳು. ಭಂಡಾರದಲ್ಲಿ 127.0.0.1ರ ಹೆಸರಿಗೆ ಸಂಬಂಧಿಸಿದ ಇನ್ನೊಂದು ಮೂಲ ಪ್ರಮಾಣಪತ್ರವಿದೆ. ಅದು ರಿಟರ್ನ್‌ಗಳಿಗೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಪ್ರಮಾಣಪತ್ರ, ಇರುವ ಯುಎಸ್‌ಬಿ ಟೋಕನ್‌ನಿಂದ ಸಹಿ ಹಾಕಲು ಬಳಸುವ ಸಹಾಯಕ ತಂತ್ರಾಂಶದ್ದು ಎಂದು ತೋರುತ್ತದೆ. ಅದನ್ನೂ ತೆಗೆಯಬೇಕೇ? ಪರ್ಸನಲ್ ಕೋಶದಲ್ಲಿ ನನ್ನ ಮತ್ತು ಕಕ್ಷಿದಾರರ ಹೆಸರುಗಳೂ ಇವೆ.

ಬೀಗದಕೈ:
ಪರ್ಸನಲ್ ಕೋಶವನ್ನು ಮುಟ್ಟಬೇಡಿ. ಟೋಕನ್‌ನಲ್ಲಿರುವ ಡಿಎಸ್‌ಸಿಯ ಖಾಸಗಿ ಕೀಲಿ ಟೋಕನ್‌ನೊಳಗೇ ಇರುತ್ತದೆ, ಅದಕ್ಕೆ ಅಪಾಯವಿಲ್ಲ. ಆದರೆ ಕಡತದ ರೂಪದಲ್ಲಿ ಹಾಕಿಕೊಂಡ ಪ್ರಮಾಣಪತ್ರ ಅಲ್ಲಿದ್ದು, ಬೇರೆಡೆ ಪ್ರತಿ ಇಲ್ಲದಿದ್ದರೆ, ಅಳಿಸಿದ ಕೂಡಲೇ ಕೀಲಿಯೂ ಕಳೆದುಹೋಗಬಹುದು.

ಸಹಿಯ ಸಹಾಯಕ ತಂತ್ರಾಂಶದ್ದು ತುಸು ನಾಜೂಕಿನ ಪ್ರಶ್ನೆ. ತಾಣದ ಪುಟ ನೇರವಾಗಿ ಯುಎಸ್‌ಬಿ ಟೋಕನ್ ಜೊತೆ ಮಾತನಾಡಲಾರದು, ಆದ್ದರಿಂದ ಇಂತಹ ತಂತ್ರಾಂಶಗಳು ನಿಮ್ಮದೇ ಗಣಕದಲ್ಲಿ ಒಂದು ಪುಟ್ಟ ಸರ್ವರ್ ತೆರೆಯುತ್ತವೆ, ಮತ್ತು ಬ್ರೌಸರು ಅದನ್ನು ಒಪ್ಪಲೆಂದು ಪ್ರಮಾಣಪತ್ರವೊಂದನ್ನು ನೆಡುತ್ತವೆ. ನಾನು ನೋಡುವುದು ಅದರ ಆರಂಭದ ದಿನಾಂಕವನ್ನು. ನೀವು ತಂತ್ರಾಂಶ ಹಾಕಿಕೊಂಡ ದಿನವೇ ಅದು ಹುಟ್ಟಿದ್ದರೆ, ಬಹುಶಃ ನಿಮ್ಮ ಯಂತ್ರಕ್ಕೆಂದೇ ಪ್ರತ್ಯೇಕವಾಗಿ ತಯಾರಾದದ್ದು. ವರ್ಷಗಳ ಹಿಂದಿನದಾಗಿದ್ದರೆ ಅದು ಪೊಟ್ಟಣದೊಂದಿಗೇ ಬಂದದ್ದು; ಅದರ ಕೀಲಿಯೂ ಹಾಗೆಯೇ ಎಲ್ಲರಿಗೂ ಹಂಚಿಕೆಯಾಗಿದೆಯೇ ಎಂದು ಕೇಳಬೇಕಾಗುತ್ತದೆ, ಮತ್ತು ಸೂಪರ್‌ಫಿಶ್‌ನ ಕಥೆ ನಿಮಗೆ ಈಗ ತಿಳಿದಿದೆ. ಅಂತಹದ್ದಾದರೆ ಭಂಡಾರದಿಂದ ಅದನ್ನು ತೆಗೆದು, ಫೈರ್‌ಫಾಕ್ಸ್‌ನಲ್ಲಿ ಆ ಸ್ಥಳೀಯ ವಿಳಾಸಕ್ಕೆ ಮಾತ್ರ ಎಕ್ಸೆಪ್ಶನ್ ಕೊಡಿ. ಎಕ್ಸೆಪ್ಶನ್ ಆ ಒಂದು ವಿಳಾಸಕ್ಕೇ ಸೀಮಿತವಾಗಿ ಸರ್ವರ್ಸ್ ಪಟ್ಟಿಯಲ್ಲಿ ಉಳಿಯುತ್ತದೆ. ಮೂಲ ಪ್ರಮಾಣಪತ್ರವಾದರೋ ಜಗತ್ತಿನ ಎಲ್ಲ ತಾಣಗಳಿಗೂ ಸಹಿ ಹಾಕಬಲ್ಲದು.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯವನ್ನೂ ಹೇಳಬೇಕು. ಕಕ್ಷಿದಾರರ ಪ್ಯಾನ್ ಸಂಖ್ಯೆ, ಪಾಸ್‌ವರ್ಡ್‌ಗಳನ್ನು ಬಳಸುವ ಯಂತ್ರ ಇದು, ಮತ್ತು ಎರಡು ತಿಂಗಳು ಅದರ ಸಂಪರ್ಕಗಳನ್ನು ಮೂರನೆಯವರೊಬ್ಬರು ತೆರೆಯುತ್ತಿದ್ದರು. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿ. ಪಾಸ್‌ವರ್ಡ್‌ಗಳನ್ನು ಇಂದೇ ಬದಲಾಯಿಸಿ, ಅದೂ ಬೇರೊಂದು ಗಣಕದಿಂದ.

ಹಾಸನದ ಲೆಕ್ಕಿಗ:
ಪಾಸ್‌ವರ್ಡ್‌ಗಳನ್ನು ಅಂದೇ ಬದಲಾಯಿಸಿದೆವು. ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕ ಕಳೆದ ಮೇಲೆ ವಿಂಡೋಸನ್ನೂ ಹೊಸದಾಗಿ ಹಾಕಿಸಿದೆ. ಬ್ಯಾಂಕಿನ ತಾಣದಲ್ಲಿ ಎಚ್ಚರಿಕೆಯ ಸಾಲು ಈಗ ಇಲ್ಲ. ಆದರೆ ವಿಚಿತ್ರವೆಂದರೆ, ಮೊದಲು ಸರಿಯಾಗಿ ತೆರೆಯುತ್ತಿದ್ದ ಎಷ್ಟೋ ಕನ್ನಡ ಬ್ಲಾಗುಗಳು ಮತ್ತು ಸಣ್ಣ ತಾಣಗಳು ಈಗ ಫೈರ್‌ಫಾಕ್ಸ್‌ನಲ್ಲಿ ಎಚ್ಚರಿಕೆಯ ಪುಟ ತೋರಿಸುತ್ತಿವೆ. ಅದೇ ಗಣಕದ ಕ್ರೋಮ್‌ನಲ್ಲಿ ತೆರೆಯುತ್ತವೆ. ಕೂಪನ್ ತಂತ್ರಾಂಶ ಇನ್ನೂ ಎಲ್ಲೋ ಉಳಿದಿದೆಯೇ?

ಬೀಗದಕೈ:
ಬುಕ್‌ಮಾರ್ಕ್, ಸೆಟ್ಟಿಂಗ್‌ಗಳೆಲ್ಲ ಇರುವ ಹಳೆಯ ಫೈರ್‌ಫಾಕ್ಸ್ ಪ್ರೊಫೈಲ್ ಕೋಶವನ್ನು ಪೆನ್ ಡ್ರೈವ್‌ನಲ್ಲಿ ಉಳಿಸಿಕೊಂಡು ಹೊಸ ವಿಂಡೋಸ್‌ಗೆ ನಕಲಿಸಿದಿರಾ? ಎಚ್ಚರಿಕೆಯ ಪುಟದಲ್ಲಿ ಪ್ರಮಾಣಪತ್ರವನ್ನು ತೆರೆದರೆ ವಿತರಕರ ಹೆಸರು ಲೆಟ್ಸ್ ಎನ್‌ಕ್ರಿಪ್ಟ್ ಎಂದಿದೆಯೇ?

ಹಾಸನದ ಲೆಕ್ಕಿಗ:
ಎರಡಕ್ಕೂ ಹೌದು. ಬುಕ್‌ಮಾರ್ಕ್‌ಗಳು ಹೋಗಬಾರದೆಂದು ಇಡೀ ಕೋಶವನ್ನೇ ನಕಲಿಸಿದೆ.

ಬೀಗದಕೈ:
ಹಾಗಾದರೆ ಇದು ಕೂಪನ್ ಕಂಪನಿಯ ಕೆಲಸವಲ್ಲ, ಮೊದಲ ದಿನ ನೀವು ಅಳಿಸಿದ ಇಪ್ಪತ್ತರ ಫಲ. ನಂಬಿಕೆಯ ಬದಲಾವಣೆಗಳನ್ನು ಫೈರ್‌ಫಾಕ್ಸ್ ಪ್ರೊಫೈಲ್ ಕೋಶದ ಸರ್ಟ್‌9 ಎಂಬ ಕಡತದಲ್ಲಿ ಬರೆದಿಡುತ್ತದೆ, ಅದು ಬುಕ್‌ಮಾರ್ಕ್‌ಗಳ ಜೊತೆ ಹೊಸ ವಿಂಡೋಸ್‌ಗೂ ಬಂದಿದೆ. ಕೂಪನ್ ತಂತ್ರಾಂಶವಿದ್ದಾಗ ಎಲ್ಲ ತಾಣಗಳಿಗೂ ಅದೇ ಮುದ್ರೆ ಒತ್ತುತ್ತಿದ್ದುದರಿಂದ ನಿಜವಾದ ವಿತರಕರ ಹೆಸರು ಫೈರ್‌ಫಾಕ್ಸ್ ಮುಂದೆ ಬರುತ್ತಲೇ ಇರಲಿಲ್ಲ, ನಿಮ್ಮ ಅಳಿಸುವಿಕೆಯ ಪರಿಣಾಮವೂ ಕಾಣಲಿಲ್ಲ. ಅಥಾರಿಟೀಸ್ ಪಟ್ಟಿಯಲ್ಲಿ ಇಂಟರ್ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್ ಎಂಬುದರ ಕೆಳಗೆ ಐಎಸ್‌ಆರ್‌ಜಿ ರೂಟ್ ಎಕ್ಸ್1 ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುವ ಪ್ರಮಾಣಪತ್ರಗಳು ಅದನ್ನೇ ಆಧರಿಸಿವೆ, ಸಣ್ಣ ತಾಣಗಳಲ್ಲಿ ಬಹುಪಾಲು ಅವನ್ನೇ ಬಳಸುತ್ತವೆ. ಅದನ್ನು ಆರಿಸಿ, ಎಡಿಟ್ ಟ್ರಸ್ಟ್ ಒತ್ತಿ, ವೆಬ್‌ಸೈಟುಗಳನ್ನು ಗುರುತಿಸಬಹುದು ಎಂಬ ಚೌಕದಲ್ಲಿ ಗುರುತು ಹಾಕಿ. ಉಳಿದ ಹತ್ತೊಂಬತ್ತಕ್ಕೂ ಹಾಗೆಯೇ ಮಾಡಿ. ಯಾವುವೆಂದು ನೆನಪಿಲ್ಲದಿದ್ದರೆ ಹೊಸ ಪ್ರೊಫೈಲ್ ತೆರೆದು ಬುಕ್‌ಮಾರ್ಕ್‌ಗಳನ್ನು ಮಾತ್ರ ಆಮದು ಮಾಡಿಕೊಳ್ಳುವುದು ಸುಲಭ.

ಹಾಸನದ ಲೆಕ್ಕಿಗ:
ಐಎಸ್‌ಆರ್‌ಜಿಗೆ ಗುರುತು ಹಾಕಿದ ತಕ್ಷಣ ಬ್ಲಾಗುಗಳು ತೆರೆದವು. ಉಳಿದವುಗಳ ಚೀಟಿ ಇಟ್ಟಿರಲಿಲ್ಲ, ಆದ್ದರಿಂದ ಹೊಸ ಪ್ರೊಫೈಲ್‌ಗೇ ಬಂದಿದ್ದೇನೆ. ಹಳೆಯ ಪ್ರೊಫೈಲನ್ನು ಅಳಿಸುವ ಮೊದಲು ಎಮ್‌ಸೈನ್ ಸಾಲನ್ನು ತೆರೆದು ನೋಡಿದೆ. ಅದರ ಚೌಕವೂ ಖಾಲಿಯಿತ್ತು.